ಅದ್ಭುತವೆಂಬ ಮಾತು

ಶಿಷ್ಯೆ: ಗುರುಗಳೇ, ನಮ್ಮ ಸಂಗೀತಸಭೆಯ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬೇಕೆಂದು ಕೇಳಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪು ಅಮೆರಿಕಗಳಲ್ಲಿ ಬಾಳಿದ ಆಫ್ರಿಕಾ ಮೂಲದ ಸಂಗೀತಗಾರರನ್ನು ಕುರಿತು ಬರೆಯತೊಡಗಿದ್ದೇನೆ. ಅಚ್ಚಿಗೆ ಹೋಗುವ ಮೊದಲು ತಮ್ಮ ಕಿವಿಗೊಮ್ಮೆ ಹಾಕಿಬಿಡೋಣವೆಂದು ಬಂದೆ.

ಗುರು: ಓದಮ್ಮ. ಕಣ್ಣು ಮಂದವಾಯಿತು, ಕಿವಿ ಇನ್ನೂ ಕೈಬಿಟ್ಟಿಲ್ಲ. ತಲೆಬರಹ ಏನೆಂದು ಇಟ್ಟಿರುವೆ?

ಶಿಷ್ಯೆ: 'ಅದ್ಭುತ ಪ್ರತಿಭೆಯ ಕಪ್ಪು ಕಲಾವಿದರು.'

ಗುರು: ಅಲ್ಲಿಯೇ ನಿಲ್ಲು. ಮೊದಲನೆಯ ಪದದಲ್ಲಿಯೇ ನನ್ನ ತಕರಾರಿದೆ. ಅದ್ಭುತರಸಕ್ಕೆ ಸ್ಥಾಯಿಭಾವ ಯಾವುದು?

ಶಿಷ್ಯೆ: ವಿಸ್ಮಯ.

ಗುರು: ಆ ವಿಸ್ಮಯವು ಹುಟ್ಟುವುದು ಎಂತಹ ಸಂದರ್ಭದಲ್ಲಿ? ಕಾರ್ಯವು ಕಣ್ಣೆದುರಿಗೆ ನಡೆಯುತ್ತಿದ್ದು, ಅದರ ಕಾರಣವು ನೋಡುವವನಿಗೆ ಗೋಚರಿಸದೆ ಇದ್ದಾಗ. ಗಾರುಡಿಗನು ಬುಟ್ಟಿಯ ಕೆಳಗಿನಿಂದ ಮಾವಿನ ಗಿಡವನ್ನು ಎಬ್ಬಿಸಿದರೆ ಬಾಯ್ದೆರೆದು ನಿಲ್ಲುವ ನಾವು, ತೋಟಗಾರನು ಐದು ವರ್ಷ ನೀರೆರೆದು ಅದೇ ಗಿಡವನ್ನು ಬೆಳೆಸಿದರೆ ತಿರುಗಿಯೂ ನೋಡುವುದಿಲ್ಲ. ನೀನು ಬರೆಯಹೊರಟ ಜನರ ಎದುರಿಗೆ ಆ ಶತಮಾನದ ಶ್ರೋತೃಗಳು ಕುಳಿತದ್ದು ಗಾರುಡಿಗನ ಮುಂದೆ ಕುಳಿತಂತೆ. ಕಣ್ಣಿಗೆ ಮೈಬಣ್ಣ ಕಂಡಿತು, ಕಿವಿಗೆ ನಾದ ಕೇಳಿತು. ಇವೆರಡರ ನಡುವೆ ಇರತಕ್ಕ ಗುರು, ಸಾಧಕ, ಸ್ವರಲಿಪಿ, ರಾತ್ರಿಯೆಲ್ಲ ಉರಿದ ದೀಪದೆಣ್ಣೆ ಇವುಗಳನ್ನು ಊಹಿಸುವ ಗೋಜಿಗೆ ಅವರು ಹೋಗಲಿಲ್ಲ. ಹೊಗಳಿಕೆಯ ವೇಷದಲ್ಲಿದ್ದ ಆ ಬೆರಗಿನೊಳಗೆ, ಇವರಿಂದ ಇದು ಆಗತಕ್ಕದ್ದಲ್ಲವೆಂಬ ನಿಶ್ಚಯವು ಮೊದಲೇ ಮನೆಮಾಡಿಕೊಂಡಿತ್ತು.

ಶಿಷ್ಯೆ: ತಾವು ಒಂದು ವಿಶೇಷಣದ ಮೇಲೆ ಇಷ್ಟು ಭಾರ ಹೊರಿಸುವಿರೆಂದು ತಿಳಿದಿದ್ದರೆ ವಿಶೇಷಣವಿಲ್ಲದೆಯೇ ಬರುತ್ತಿದ್ದೆ.

ಗುರು: ಕೋಪ ಬೇಡ. ಯಾರಿಂದ ಆರಂಭಿಸಿರುವೆ, ಹೇಳು.

ಶಿಷ್ಯೆ: ಜಾರ್ಜ್ ಬ್ರಿಜ್‌ಟವರನಿಂದ. 1778ರಲ್ಲಿ ಪೋಲೆಂಡಿನಲ್ಲಿ ಜನನ, ತಂದೆ ವೆಸ್ಟ್ ಇಂಡೀಸಿನ ಕಡೆಯವನು, ಎಸ್ಟರ್‌ಹಾಜಿ ಮನೆತನದ ಅರಸನ ಪರಿಚಾರಕ, ತಾಯಿ ಯೂರೋಪಿನವಳು. ಹತ್ತು ವರ್ಷ ತುಂಬಿದ ಹುಡುಗ 1789ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ಸಭೆಯಲ್ಲಿ ಪಿಟೀಲು ನುಡಿಸಿದ. ಅನಂತರ ಇಂಗ್ಲೆಂಡು, ಅಲ್ಲಿ ಯುವರಾಜನ ಆಶ್ರಯ.

ಗುರು: ಅವನ ತಂದೆಯ ವಿಷಯ ಬರೆದಿರುವೆಯೊ? ಆತ ತುರ್ಕಿಯ ನಿಲುವಂಗಿಯನ್ನು ತೊಟ್ಟು ಓಡಾಡುತ್ತಿದ್ದ. ಆಫ್ರಿಕಾದ ರಾಜಕುಮಾರನ ಮಗನೆಂದು ಹುಡುಗನ ಹೆಸರು ಪತ್ರಿಕೆಗಳಲ್ಲಿ ಬರುತ್ತಿತ್ತು. ಬೆರಗನ್ನು ಮಾರಿದರೆ ಕಾಸಾಗುತ್ತದೆಂಬುದನ್ನು ಆ ತಂದೆ ಎಲ್ಲರಿಗಿಂತ ಮೊದಲು ಕಂಡುಕೊಂಡ. ನಾನು ಆತನನ್ನು ಬಯ್ಯಲಾರೆ. ಆದರೆ ಬಾರ್ತೆಲಮಾನ್ ಎಂಬ ಪಿಟೀಲು ವಿದ್ವಾಂಸನಲ್ಲಿಯೂ, ರಚನಾಶಾಸ್ತ್ರಕ್ಕಾಗಿ ಆಟ್‌ವುಡ್ ಎಂಬವನಲ್ಲಿಯೂ ಆ ಹುಡುಗ ಪಾಠ ಹೇಳಿಸಿಕೊಂಡನೆಂಬ ಸಂಗತಿ ಯಾವ ಜಾಹೀರಾತಿಗೂ ಬೇಕಾಗಲಿಲ್ಲ. ಸರಿ, ವಿಯೆನ್ನಾಕ್ಕೆ ಬಾ.

ಶಿಷ್ಯೆ: ಡ್ರೆಸ್‌ಡೆನ್ನಿನಲ್ಲಿದ್ದ ತಾಯಿಯನ್ನು ಕಾಣಲೆಂದು ರಜೆ ಪಡೆದು ಹೊರಟವನು 1803ರಲ್ಲಿ ವಿಯೆನ್ನಾಕ್ಕೆ ಹೋದ, ಬೀಥೋವನನ ಪರಿಚಯವಾಯಿತು, ಇಬ್ಬರೂ ಸೇರಿ ನುಡಿಸತಕ್ಕ ಕಚೇರಿಯೊಂದು ಗೊತ್ತಾಯಿತು, ಅದಕ್ಕಾಗಿ ಬೀಥೋವನ್ ಪಿಟೀಲು ಪಿಯಾನೊಗಳ ಸೊನಾಟವೊಂದನ್ನು ಬರೆಯತೊಡಗಿದ. ಮೇ 24ರ ಬೆಳಿಗ್ಗೆ ಎಂಟು ಗಂಟೆಗೆ ಕಚೇರಿ. ಮುಂದಿನದನ್ನು ತಾವೇ ಹೇಳಿದರೆ ಚೆನ್ನ; ತರಗತಿಯಲ್ಲಿ ತಮ್ಮ ಬಾಯಲ್ಲಿ ಕೇಳಿದ ಕಥೆ ಅದು.

ಗುರು: ಅದನ್ನು ನಾನು ತಪ್ಪಾಗಿ ಹೇಳುತ್ತಿದ್ದೆನೆಂಬುದು ಈಚೆಗೆ ನನಗೆ ಹೊಳೆದಿದೆ. ಬೀಥೋವನನು ಬೆಳಗಿನ ನಾಲ್ಕೂವರೆ ಗಂಟೆಗೆ ತನ್ನ ಶಿಷ್ಯನಾದ ರೀಸನನ್ನು ಎಬ್ಬಿಸಿ, ಮೊದಲನೆಯ ಭಾಗದ ಪಿಟೀಲು ಪಾಲನ್ನು ತುರ್ತಾಗಿ ನಕಲು ಮಾಡುವಂತೆ ಹೇಳಿದ. ಕೊನೆಯ ಭಾಗವು ಬೇರೊಂದು ಸೊನಾಟಕ್ಕಾಗಿ ಮೊದಲೇ ಬರೆದಿಟ್ಟದ್ದಾದ್ದರಿಂದ ಅದಕ್ಕೆ ತೊಂದರೆಯಿರಲಿಲ್ಲ. ನಡುವಣ ಭಾಗಕ್ಕೆ ಮಾತ್ರ ನಕಲೆಂಬುದೇ ಇಲ್ಲ. ಶ್ರೋತೃಗಳು ಬಂದು ಕುಳಿತಿದ್ದಾರೆ. ಬ್ರಿಜ್‌ಟವರನು ಬೀಥೋವನನ ಹಿಂದೆ ನಿಂತು, ಅವನ ಹೆಗಲ ಮೇಲಿನಿಂದ ಹಸ್ತಪ್ರತಿಯನ್ನೇ ಓದುತ್ತ ನುಡಿಸಿದ. ಬೀಥೋವನನ ಕೈಬರಹದ ಛಾಯಾಪ್ರತಿಯನ್ನು ನೀನು ನೋಡಿರುವೆ. ಶಾಯಿಯಲ್ಲಿ ಅದ್ದಿದ ಜಿರಲೆ ಕಾಗದದ ಮೇಲೆ ಓಡಿದಂತಿರುತ್ತದೆ. ಅದನ್ನು ನೆಲದ ಮೇಲೆ ಹರಡಿಕೊಂಡು ಕುಳಿತು ಓದುವುದೇ ಕಷ್ಟ. ನಿಂತುಕೊಂಡು, ಬೇರೊಬ್ಬನ ತಲೆಯ ಪಕ್ಕದಿಂದ ಇಣುಕಿ, ಗದ್ದದ ಕೆಳಗೆ ವಾದ್ಯವನ್ನಿಟ್ಟುಕೊಂಡು, ಲಯ ತಪ್ಪದೆ ಓದುವುದೆಂದರೆ ಎಷ್ಟು ವರ್ಷಗಳ ಶಿಕ್ಷಣವಿರಬೇಕು!

ಶಿಷ್ಯೆ: ಮೊದಲನೆಯ ಭಾಗದಲ್ಲಿ ಪಿಯಾನೊದ ಒಂದು ಸಂಚಾರವನ್ನು ಪಿಟೀಲಿನಲ್ಲಿ ಅನುಕರಿಸಿ ಆತ ಸ್ವಂತವಾಗಿ ಸೇರಿಸಿದ್ದಕ್ಕೆ ಬೀಥೋವನ್ ಎದ್ದು ಬಂದು ಅಪ್ಪಿಕೊಂಡು, ಇನ್ನೊಮ್ಮೆ ನುಡಿಸೆಂದನಂತಲ್ಲವೆ?

ಗುರು: ಹೌದು, ಬ್ರಿಜ್‌ಟವರನೇ ತನ್ನ ಪ್ರತಿಯಲ್ಲಿ ಅದನ್ನು ಗುರುತು ಮಾಡಿಟ್ಟಿದ್ದಾನೆ. ಹಸ್ತಪ್ರತಿಯ ಮೇಲೆ ಬೀಥೋವನ್ ಅವನ ಮಿಶ್ರಜನ್ಮವನ್ನೆತ್ತಿ ಪರಿಹಾಸದ ಅಂಕಿತವನ್ನೂ ಬರೆದ; ಸ್ನೇಹದ ಸಲಿಗೆಯಿರಬಹುದು, ಆದರೂ ಮೊದಲು ನೆನಪಾದದ್ದು ಬಣ್ಣವೇ. ಬಳಿಕ ಯಾವಳೋ ಹೆಣ್ಣಿನ ವಿಷಯವಾಗಿ ಇಬ್ಬರಿಗೂ ಮಾತು ಬೆಳೆಯಿತೆಂದು ಬ್ರಿಜ್‌ಟವರನು ಮುಪ್ಪಿನಲ್ಲಿ ಹೇಳಿದನಂತೆ. ಕೃತಿ 1805ರಲ್ಲಿ ಅಚ್ಚಾದಾಗ ಅರ್ಪಣೆಯ ಪುಟದಲ್ಲಿದ್ದುದು ಪ್ಯಾರಿಸ್ಸಿನ ರೊಡಾಲ್ಫ್ ಕ್ರೂಟ್ಸರನ ಹೆಸರು. ಆತನೋ, ಅದನ್ನು ಸಭೆಯಲ್ಲಿ ಎಂದೂ ನುಡಿಸಲಿಲ್ಲ. ಮುಂದೆ ಟಾಲ್‌ಸ್ಟಾಯ್ ತನ್ನ ಕಥೆಗೂ ಅದೇ ಹೆಸರನ್ನಿಟ್ಟ ಮೇಲೆ, ನುಡಿಸದವನ ಹೆಸರು ಶಾಶ್ವತವಾಯಿತು. ನಾನು ತರಗತಿಯಲ್ಲಿ ಏನು ಮಾಡುತ್ತಿದ್ದೆ, ನೆನಪಿದೆಯೆ? ಹೆಣ್ಣಿನ ಜಗಳದ ಬಳಿಗೆ ಬೇಗ ಬೇಗ ಬರುತ್ತಿದ್ದೆ, ಹುಡುಗರು ನಗುತ್ತಿದ್ದರು, ಗಂಟೆ ಹೊಡೆಯುತ್ತಿತ್ತು. ಹೆಗಲ ಮೇಲಿನಿಂದ ಓದಿದ ಸಂಗತಿಯನ್ನು ಒಂದು ವಾಕ್ಯದಲ್ಲಿ ದಾಟಿಸಿಬಿಡುತ್ತಿದ್ದೆ. ಅವನು ತಿರುಗಿ ಇಂಗ್ಲೆಂಡಿಗೆ ಹೋಗಿ, 1811ರಲ್ಲಿ ಕೇಂಬ್ರಿಜ್ಜಿನಿಂದ ಸಂಗೀತದ ಪದವಿ ಪಡೆದು, 1860ರ ವರೆಗೂ ಬದುಕಿದ್ದನೆಂಬುದನ್ನಂತೂ ಹೇಳಿದ ನೆನಪೇ ಇಲ್ಲ. ಜಗಳದೊಡನೆ ಅವನನ್ನೂ ಮುಗಿಸಿಬಿಟ್ಟಿದ್ದೆ.

ಶಿಷ್ಯೆ: ತಮ್ಮ ವಾದವು ಬ್ರಿಜ್‌ಟವರನ ವಿಷಯದಲ್ಲಿ ಸರಿ. ಆದರೆ ಎರಡನೆಯ ಅಧ್ಯಾಯದಲ್ಲಿ ನಾನು ಬರೆದಿರುವವನಿಗೆ ಅದ್ಭುತವೆಂಬ ಪದವಲ್ಲದೆ ಬೇರೆ ಪದ ಒದಗುವುದಿಲ್ಲ. ಹುಟ್ಟುಕುರುಡ, 1849ರಲ್ಲಿ ಜಾರ್ಜಿಯಾ ಪ್ರಾಂತದಲ್ಲಿ ಗುಲಾಮರ ಮಗನಾಗಿ ಹುಟ್ಟಿ, ಕೈಗೂಸಾಗಿದ್ದಾಗಲೇ ತಂದೆತಾಯಿಗಳೊಡನೆ ಬೆಥ್ಯೂನ್ ಎಂಬ ಯಜಮಾನನಿಗೆ ಮಾರಾಟವಾದವನು. 'ಕುರುಡ ಟಾಮ್' ಎಂದೇ ಲೋಕಕ್ಕೆ ಪರಿಚಿತನಾದ ಈ ಥಾಮಸ್ ವಿಗಿನ್ಸ್ ಎಂಟು ವರ್ಷದ ಹೊತ್ತಿಗೆ ಸಭೆಗಳಲ್ಲಿ ಪಿಯಾನೊ ನುಡಿಸುತ್ತಿದ್ದ. 1860ರಲ್ಲಿ ಅಮೆರಿಕದ ಅಧ್ಯಕ್ಷ ಬುಕ್ಯಾನನನ ಮುಂದೆ ನುಡಿಸಿದ. ಸಭಿಕರಲ್ಲಿ ಯಾರಾದರೂ ವೇದಿಕೆಯನ್ನೇರಿ ಅವನು ಕೇಳಿರದ ಕೃತಿಯೊಂದನ್ನು ನುಡಿಸಿದರೆ, ಕೇಳಿದ್ದಷ್ಟರಿಂದಲೇ ಅದನ್ನು ಮರಳಿ ನುಡಿಸುತ್ತಿದ್ದ. ಬಲಗೈಯಲ್ಲಿ ಒಂದು ಹಾಡು, ಎಡಗೈಯಲ್ಲಿ ಇನ್ನೊಂದು, ಬಾಯಲ್ಲಿ ಮೂರನೆಯದು. ಪಿಯಾನೊಗೆ ಬೆನ್ನುಮಾಡಿ ನಿಂತು ಕೈಗಳನ್ನು ಹಿಂದಕ್ಕೆ ಚಾಚಿಯೂ ನುಡಿಸುತ್ತಿದ್ದನಂತೆ. ಇದಕ್ಕೂ ತಮ್ಮ ತೋಟಗಾರನ ನ್ಯಾಯವನ್ನು ಅನ್ವಯಿಸುವಿರಾ?

ಗುರು: ಅವನ ಶ್ರವಣಶಕ್ತಿಯೂ ಸ್ಮರಣಶಕ್ತಿಯೂ ಲೋಕಸಾಮಾನ್ಯವಾದುವಲ್ಲವೆಂದು ಒಪ್ಪುತ್ತೇನೆ. 1866ರಲ್ಲಿ ಯೂರೋಪಿಗೆ ಹೋದಾಗ ಮೊಷೆಲೆಸನಂತಹ ಪಂಡಿತರು ಪರೀಕ್ಷಿಸಿ ಬರೆದುಕೊಟ್ಟ ಮಾತನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ನೀನು ಹೇಳಿದ ಪಟ್ಟಿಯನ್ನು ಮತ್ತೊಮ್ಮೆ ನೋಡು: ಬೆನ್ನುಮಾಡಿ ನುಡಿಸಿದ್ದು, ಮೂರು ಹಾಡುಗಳನ್ನು ಒಟ್ಟಿಗೆ ಕಲಸಿದ್ದು. ಇವು ಜಾತ್ರೆಯ ಕಸರತ್ತುಗಳು. ಬಾಖ್, ಬೀಥೋವನ್, ಶೋಪಾನ್ ಇವರ ಕೃತಿಗಳನ್ನು ಅವನು ಹೇಗೆ ನುಡಿಸುತ್ತಿದ್ದ, ಯಾವ ಕೃತಿಯಲ್ಲಿ ಅವನ ಮನಸ್ಸು ನಿಲ್ಲುತ್ತಿತ್ತು, ಇದನ್ನು ನೀನು ಬರೆಯಲಿಲ್ಲ. ಅವನಿಗೆ ಯಾರೂ ಕಲಿಸಿದ್ದಿಲ್ಲವೆಂದು ಜಾಹೀರಾತುಗಳು ಸಾರುತ್ತಿದ್ದುವು. ಆದರೆ ಯಜಮಾನನ ಹೆಣ್ಣುಮಕ್ಕಳು ಅಭ್ಯಾಸ ಮಾಡುತ್ತಿದ್ದುದನ್ನು ಅವನು ಹಗಲಿರುಳು ಕೇಳುತ್ತಿದ್ದ. ಮುಂದೆ, ಹೊಸ ಕೃತಿಗಳನ್ನು ನುಡಿಸಿ ಕೇಳಿಸುವುದಕ್ಕೆಂದೇ ಸಂಬಳದ ಉಪಾಧ್ಯಾಯನೊಬ್ಬ ಅವನೊಡನೆ ಊರೂರು ತಿರುಗುತ್ತಿದ್ದ. ಆ ಉಪಾಧ್ಯಾಯನನ್ನು ತೆರೆಯ ಹಿಂದೆ ನಿಲ್ಲಿಸಿದ್ದರಿಂದ ಯಾರಿಗೆ ಲಾಭ?

ಶಿಷ್ಯೆ: ಟಿಕೆಟ್ಟು ಮಾರುವವನಿಗೆ.

ಗುರು: ಅಷ್ಟೇ ಅಲ್ಲ. ಕಲಿತದ್ದೆಂದರೆ ಅದು ಕಲಿತವನ ಸ್ವತ್ತು. ತಾನಾಗಿ ಉಕ್ಕಿದ್ದೆಂದರೆ ಅದು ಬಾವಿಯ ನೀರಿನಂತೆ, ನೆಲದೊಡೆಯನಿಗೆ ಸೇರಿದ್ದು. ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ಅಳಿಯಿತಷ್ಟೆ? ಅದೇ ವರ್ಷ ಬೆಥ್ಯೂನನು ತಂದೆತಾಯಿಗಳಿಂದ ಕರಾರು ಬರೆಸಿಕೊಂಡು ಹುಡುಗನನ್ನು ತನ್ನ ಬಳಿಯೇ ಉಳಿಸಿಕೊಂಡ. ಮುಂದೆ ನ್ಯಾಯಾಲಯದ ಮೂಲಕ ಅವನನ್ನು ಬುದ್ಧಿವಿಕಲನೆಂದು ಸಾಧಿಸಿ, ಬೆಥ್ಯೂನನ ಮಗ ಪಾಲಕನಾದ. ಆ ಮಗ ಸತ್ತ ಮೇಲೆ, ವ್ಯಾಜ್ಯವು ನಡೆದು, 1887ರಲ್ಲಿ ಸೊಸೆಯ ಪಕ್ಷಕ್ಕೆ ತೀರ್ಪಾಯಿತು. ಮನೆ ಗದ್ದೆಗಳು ಕೈ ಬದಲಾದಂತೆ ಒಬ್ಬ ಪಿಯಾನೊ ವಾದಕನು ಕೈ ಬದಲಾದ. 1908ರಲ್ಲಿ ಹೊಬೋಕನ್ ಎಂಬಲ್ಲಿ ತೀರಿಕೊಳ್ಳುವ ವರೆಗೂ ಅವನ ಗಳಿಕೆಯ ಲೆಕ್ಕ ಅವನ ಕೈಯಲ್ಲಿರಲಿಲ್ಲ. ವೇದಿಕೆಯ ಮೇಲೆ ಅವನು ತನ್ನ ವಿಷಯವನ್ನು 'ಟಾಮ್ ಈಗ ಇದನ್ನು ನುಡಿಸುತ್ತಾನೆ' ಎಂಬ ರೀತಿಯಲ್ಲಿ, ಬೇರೆ ಯಾರೋ ಒಬ್ಬನ ವಿಷಯವೆಂಬಂತೆ ಹೇಳುತ್ತಿದ್ದ. ನುಡಿಸಿ ಮುಗಿಸಿದ ಮೇಲೆ ಸಭಿಕರೊಡನೆ ತಾನೂ ಎದ್ದು ಚಪ್ಪಾಳೆ ತಟ್ಟುತ್ತಿದ್ದ. ಜನ ನಕ್ಕರು. ಆ ಚಪ್ಪಾಳೆಯನ್ನು ನೆನೆದರೆ ನನಗೆ ನಗು ಬರುವುದಿಲ್ಲವಮ್ಮ.

ಶಿಷ್ಯೆ: ಆದರೆ, ಗುರುಗಳೇ, ಒಂದು ಮಾತು. ಬೆರಗು ಇಲ್ಲದಿದ್ದರೆ ಆ ಸಭಾಂಗಣಗಳ ಬಾಗಿಲು ಇವರಿಗೆ ತೆರೆಯುತ್ತಿತ್ತೆ? ಎಲಿಜಬೆತ್ ಗ್ರೀನ್‌ಫೀಲ್ಡಳಿಗೆ 'ಕಪ್ಪು ಹಂಸ'ವೆಂಬ ಬಿರುದನ್ನು ಅಂಟಿಸಿದರು. ಆ ಬಿರುದಿನ ಬಲದಿಂದಲೇ ಅವಳು 1854ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದಳು.

ಗುರು: ಅದಕ್ಕೆ ಹಿಂದಿನ ವರ್ಷ ನ್ಯೂಯಾರ್ಕಿನಲ್ಲಿ ಅವಳು ಹಾಡಿದಾಗ, ಅವಳದೇ ಬಣ್ಣದ ಜನಕ್ಕೆ ಆ ಸಭಾಂಗಣದೊಳಗೆ ಪ್ರವೇಶವಿರಲಿಲ್ಲ. ವಿಸ್ಮಯಕ್ಕೆ ಒಂದೇ ಒಂದು ಕುರ್ಚಿ. ಅದೂ ವೇದಿಕೆಯ ಮೇಲೆ.

ಶಿಷ್ಯೆ: ಒಪ್ಪಿದೆ. ಹಾಗಾದರೆ ಬೆರಗಿನ ಹಂಗಿಲ್ಲದೆ, ಬರಿಯ ಕಸುಬಿನಿಂದ ನಿಂತವರು ಯಾರು?

ಗುರು: ಫಿಲಡೆಲ್ಫಿಯಾದ ಫ್ರಾನ್ಸಿಸ್ ಜಾನ್ಸನ್. 1792ರಲ್ಲಿ ಹುಟ್ಟಿ 1844ರಲ್ಲಿ ತೀರಿಕೊಂಡ. ಸ್ವತಂತ್ರ ಮನುಷ್ಯ, ಪಿಟೀಲುಗಾರ, ಕೀಲಿಗಳುಳ್ಳ ಬ್ಯೂಗಲ್ಲಿನ ವಾದಕ, ವಾದ್ಯಮೇಳದ ಯಜಮಾನ, ಉಪಾಧ್ಯಾಯ. ನೃತ್ಯಗಳಿಗಾಗಿ ಅವನು ರಚಿಸಿದ ಮಟ್ಟುಗಳ ಸಂಗ್ರಹವು 1818ರಲ್ಲಿಯೇ ಅಚ್ಚಾಯಿತು. ಆ ದೇಶದಲ್ಲಿ ಕಪ್ಪು ಮನುಷ್ಯನೊಬ್ಬನ ಸಂಗೀತರಚನೆಗಳು ಅಚ್ಚಾದುದು ಅವನಿಂದ ಮೊದಲು. ಇನ್ನೂರಕ್ಕೂ ಮಿಕ್ಕ ಕೃತಿಗಳನ್ನು ಬರೆದ. ಊರಿನ ಶ್ರೀಮಂತರ ನರ್ತನಗೋಷ್ಠಿಗಾಗಲಿ ಸೈನಿಕರ ಮೆರವಣಿಗೆಗಾಗಲಿ ಅವನಿಲ್ಲದೆ ಕಳೆಗಟ್ಟುತ್ತಿರಲಿಲ್ಲ. 1824ರಲ್ಲಿ ಲಾಫಾಯೆತ್ ಫಿಲಡೆಲ್ಫಿಯಾಕ್ಕೆ ಬಂದಾಗಲೂ ಬಾರಿಸಿದ್ದು ಇವನ ಮೇಳವೇ. 1837ರಲ್ಲಿ ನಾಲ್ವರು ಸಂಗಡಿಗರನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಿ, ಅಲ್ಲಿ ಜನ ಅಡ್ಡಾಡುತ್ತ ಕೇಳುವ ಸಲಿಗೆಯ ಕಚೇರಿಗಳನ್ನು ನೋಡಿಕೊಂಡು ಬಂದು, ಮಾರನೆಯ ವರ್ಷ ತನ್ನ ಊರಿನಲ್ಲಿಯೂ ಆ ಪದ್ಧತಿಯನ್ನು ನಡೆಸಿದ. ಯಾರೂ ಬೆರಗಾಗಲಿಲ್ಲ, ಕುಣಿದರು, ಹಣ ಕೊಟ್ಟರು, ಮುಂದಿನ ವಾರಕ್ಕೂ ಗೊತ್ತುಮಾಡಿದರು. ಕಲಾವಿದನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ?

ಶಿಷ್ಯೆ: 1843ರಲ್ಲಿ ಪಿಟ್ಸ್‌ಬರ್ಗಿನ ಬಳಿ ಕಚೇರಿ ಮುಗಿಸಿ ಹೊರಟ ಅವನ ಮೇಳದ ಮೇಲೆ ಜನ ಕಲ್ಲು, ಕೊಳೆತ ಮೊಟ್ಟೆಗಳನ್ನು ಎಸೆದರೆಂದು ನಾನು ಓದಿದ್ದೇನೆ. ಆ ಮರ್ಯಾದೆ ಬೀದಿಯವರೆಗೆ ಬರಲಿಲ್ಲ. ಮತ್ತೂ ಒಂದು ವಿಷಯ: ತಾವು ಹೊಗಳಿದ ಈ ಕಸುಬುಗಾರನೇ ಎಲ್ಲರಿಗಿಂತ ಬೇಗ ಮರೆತುಹೋದ. ಟಾಮನ ಹೆಸರನ್ನು ನಾನು ಸುಲಭವಾಗಿ ಕಂಡುಕೊಂಡೆ, ಜಾನ್ಸನ್ನನಿಗಾಗಿ ಹುಡುಕಬೇಕಾಯಿತು. ಬೆರಗು ಅವಮಾನವಾಗಿದ್ದರೂ ನೆನಪಿನ ಪೆಟ್ಟಿಗೆಯೂ ಆಗಿತ್ತಲ್ಲವೆ?

ಗುರು: ಇದು ಒಳ್ಳೆಯ ಪೆಟ್ಟು. ಇದಕ್ಕೆ ನನ್ನಲ್ಲಿ ಸಿದ್ಧವಾದ ಉತ್ತರವಿಲ್ಲ. ಅವನ ಕೃತಿಗಳು ಉಳಿದಿರುವುದಾದರೂ ಹೇಗೆ? ಮೇಳದಲ್ಲಿ ಬಾರಿಸಿದ್ದನ್ನು ಮನೆಯ ಹೆಣ್ಣುಮಕ್ಕಳು ಪಿಯಾನೊದಲ್ಲಿ ನುಡಿಸಿಕೊಳ್ಳಲೆಂದು ಇಳಿಸಿ ಅಚ್ಚುಮಾಡಿದ ಹಾಳೆಗಳಾಗಿ. ಭಾವಪೂರ್ಣವಾದ ಸರಳಗೀತೆಯೊಂದನ್ನು ತಿರುಚಿ ಕುಣಿತದ ಮಟ್ಟಾಗಿ ಮಾಡುವುದರಲ್ಲಿ ಇವನಿಗೆ ವಿಶೇಷವಾದ ರುಚಿಯಿದೆಯೆಂದು 1819ರಲ್ಲಿ ಆ ಊರಿನ ಲೇಖಕನೊಬ್ಬ ಬರೆದ. ಆ ತಿರುಚುವಿಕೆ, ಎಂದರೆ ನಾವು ಮನೋಧರ್ಮವೆನ್ನುತ್ತೇವಲ್ಲ, ಅದು ಹಾಳೆಯಲ್ಲಿ ಇಲ್ಲ. ಎಲುಬು ದೊರೆಯಿತು, ನಡಿಗೆ ದೊರೆಯಲಿಲ್ಲ.

ಶಿಷ್ಯೆ: ಫಿಸ್ಕ್ ವಿಶ್ವವಿದ್ಯಾಲಯದ ಗಾಯಕರ ಕಥೆ ಇದಕ್ಕೆ ವ್ಯತಿರಿಕ್ತವಾದದ್ದು. ಗುಲಾಮರ ಮಕ್ಕಳಿಗಾಗಿ ನ್ಯಾಶ್‌ವಿಲ್ಲಿನಲ್ಲಿ 1866ರಲ್ಲಿ ತೆರೆದ ಆ ವಿದ್ಯಾಲಯವು ಸಾಲದಲ್ಲಿ ಮುಳುಗುತ್ತಿದ್ದಾಗ, ಅದರ ಖಜಾಂಚಿಯಾಗಿದ್ದ ಜಾರ್ಜ್ ವೈಟ್ ಒಂಬತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು 1871ರ ಅಕ್ಟೋಬರ್ 6ರಂದು ಹಾಡುತ್ತ ಹಣ ಕೂಡಿಸಲು ಹೊರಟ. ಅವರು ಮೊದಲು ಹಾಡಿದ್ದು ಯೂರೋಪಿನ ವಿದ್ವದ್ಗೀತಗಳನ್ನು. ಹಿರಿಯರ ದಾಸ್ಯಕಾಲದ ಭಕ್ತಿಗೀತಗಳನ್ನು ಅವರು ಪರರ ಎದುರಿಗೆ ಹಾಡಲು ಒಲ್ಲೆವೆಂದರು. ಅವು ತಂದೆತಾಯಿಗಳ ಪಾಲಿಗೆ ಪವಿತ್ರವಾದುವೆಂದು ಪಿಯಾನೊ ನುಡಿಸುತ್ತಿದ್ದ ಎಲ್ಲಾ ಶೆಪರ್ಡ್ ಬರೆದಿಟ್ಟಿದ್ದಾಳೆ. ಕೋಣೆಯ ಬಾಗಿಲನ್ನು ಮುಚ್ಚಿಕೊಂಡು ಮೆಲುದನಿಯಲ್ಲಿ ತಮ್ಮತಮ್ಮಲ್ಲಿಯೇ ಹಾಡಿಕೊಳ್ಳುತ್ತಿದ್ದುದು, ಕ್ರಮೇಣ ಸಭೆಗೂ ಬಂದಿತು. ಬಂದಾಗ ಸಭೆಯೇ ಬದಲಾಯಿತು. ಮರುವರ್ಷ 20,000 ಡಾಲರುಗಳೊಡನೆ ಊರಿಗೆ ಹಿಂದಿರುಗಿದರು.

ಗುರು: ಬಾಗಿಲು ಮುಚ್ಚಿಕೊಂಡು ಹಾಡಿದರೆಂದೆಯಲ್ಲ, ಅದು ನನಗೆ ಹಿಡಿಸಿತು. ತಮ್ಮ ಸ್ವತ್ತು ಯಾವುದೆಂದು ಅವರಿಗೆ ತಿಳಿದಿತ್ತು; ಯಾವಾಗ, ಯಾರಿಗೆ, ಎಷ್ಟು ಕೊಡಬೇಕೆಂಬ ವಿವೇಚನೆಯೂ ಇತ್ತು. ಜನ ಅದನ್ನೂ ಕಾಡಿನ ಹಕ್ಕಿಗಳ ಸಹಜಗಾನವೆಂದರು. ಆ 'ಸಹಜಗಾನ'ಕ್ಕಾಗಿ ವೈಟನು ಮಕ್ಕಳನ್ನು ಗಂಟೆಗಟ್ಟಲೆ ಕೂರಿಸಿ, ಕಿವಿಗೊಟ್ಟರೆ ಮಾತ್ರ ಕೇಳಿಸುವಷ್ಟು ಮಂದ್ರವಾದ ಒಕ್ಕೊರಲಿಗಾಗಿ ತಿದ್ದುತ್ತಿದ್ದ. ಫ್ರೆಡರಿಕ್ ಲೌಡಿನನು ಆ ಪರಂಪರೆಯ ತಂಡವೊಂದನ್ನು ಕಟ್ಟಿಕೊಂಡು 1884ರಲ್ಲಿ ಲೋಕಸಂಚಾರಕ್ಕೆ ಹೊರಟವನು ನಮ್ಮ ದೇಶಕ್ಕೂ ಬಂದಿದ್ದ. ತಾಜಮಹಲಿನ ಗುಮ್ಮಟದ ಕೆಳಗೆ ನಿಂತು ಹಾಡಿದರು. ಗುಮ್ಮಟಕ್ಕೆ ಬಣ್ಣ ಕಾಣುವುದಿಲ್ಲ. ಕೇಳಿದ್ದನ್ನು ಕೇಳಿದಂತೆ ಮರಳಿಸುತ್ತದೆ.

ಶಿಷ್ಯೆ: ಇನ್ನೊಬ್ಬನಿದ್ದಾನೆ; ಸೇರಿಸಲೋ ಬೇಡವೋ ಎಂದು ಅನುಮಾನಿಸುತ್ತಿದ್ದೇನೆ. ನ್ಯೂ ಆರ್ಲಿಯನ್ಸಿನ ಎಡ್ಮಂಡ್ ದೆದೆ. ಚುಟ್ಟಾ ಸುತ್ತಿ ಹಣ ಕೂಡಿಟ್ಟು ಫ್ರಾನ್ಸಿಗೆ ಹೋಗಿ, ಬೋರ್ಡೊ ನಗರದ ರಂಗಮಂದಿರಗಳಲ್ಲಿ ದಶಕಗಳ ಕಾಲ ವಾದ್ಯವೃಂದವನ್ನು ನಡೆಸಿದವನು. 1887ರಲ್ಲಿ 'ಮೋರ್ಜಿಯಾನ್' ಎಂಬ ಗೀತನಾಟಕವನ್ನು ಬರೆದು ಮುಗಿಸಿದ. ಬದುಕಿರುವಾಗ ಅದು ರಂಗವನ್ನು ಕಾಣಲಿಲ್ಲ. 1893ರಲ್ಲಿ ಹುಟ್ಟೂರಿಗೆ ಬರುತ್ತಿರುವಾಗ ಹಡಗು ಅಪಾಯಕ್ಕೆ ಸಿಕ್ಕಿ ತನ್ನ ಪಿಟೀಲನ್ನೂ ಕಳೆದುಕೊಂಡ.

ಗುರು: ಮೋರ್ಜಿಯಾನ್ ಎಂದರೆ ಆಲಿಬಾಬನ ಕಥೆಯ ದಾಸಿ ಮರ್ಜೀನಾ ಅಲ್ಲವೆ? ಕಳ್ಳರ ಗುರುತನ್ನು ಬಾಗಿಲಿನಿಂದ ಬಾಗಿಲಿಗೆ ಬರೆದು ಅವರನ್ನೇ ದಾರಿತಪ್ಪಿಸಿದ ಜಾಣೆ. ಖಂಡಿತವಾಗಿಯೂ ಸೇರಿಸು. ಆ ಹಸ್ತಪ್ರತಿ ಏನಾಯಿತು?

ಶಿಷ್ಯೆ: ಐನೂರು ಪುಟಕ್ಕೂ ಮಿಕ್ಕ ಸ್ವರಲಿಪಿ, ಹಾರ್ವರ್ಡಿನ ಗ್ರಂಥಾಲಯಕ್ಕೆ ಬಂದು ಸೇರಿತು. 2025ರಲ್ಲಿ, ಬರೆದು 138 ವರ್ಷಗಳಾದ ಮೇಲೆ, ಮೊದಲ ಸಲ ಪೂರ್ತಿಯಾಗಿ ಹಾಡಿ ಕೇಳಿಸಿದರು.

ಗುರು: ನೋಡಿದೆಯಾ, ಲಿಪಿಯಿದ್ದುದರಿಂದ ಬದುಕಿತು. ಬೋಸ್ಟನ್ನಿನ ಜೇಮ್ಸ್ ಮನ್ರೋ ಟ್ರಾಟರ್ ಇದನ್ನು ಚೆನ್ನಾಗಿ ಬಲ್ಲವನು. ತಾನೇ ದಾಸ್ಯದಲ್ಲಿ ಹುಟ್ಟಿ, ಅಂತರ್ಯುದ್ಧದಲ್ಲಿ ಅಧಿಕಾರಿಯಾಗಿ ಹೋರಾಡಿ, 1878ರಲ್ಲಿ ತನ್ನ ಜನರ ಸಂಗೀತಗಾರರನ್ನು ಕುರಿತು ದೊಡ್ಡದೊಂದು ಪುಸ್ತಕವನ್ನು ಬರೆದ. ಚರಿತ್ರೆಗಳೆಲ್ಲ ಮುಗಿದ ಮೇಲೆ ಪುಸ್ತಕದ ಕೊನೆಯಲ್ಲಿ ಅವರ 13 ರಚನೆಗಳ ಸ್ವರಲಿಪಿಯನ್ನೇ ಪೂರ್ತಿಯಾಗಿ ಅಚ್ಚುಹಾಕಿಸಿದ. ಬೆರಗಾಗಬೇಡಿ, ಬೇಕಾದರೆ ನುಡಿಸಿ ನೋಡಿ ಎಂಬಂತೆ.

ಶಿಷ್ಯೆ: ಹಾಗಾದರೆ ನನ್ನ ತಲೆಬರಹಕ್ಕೆ ಏನು ಗತಿ?

ಗುರು: ಅದನ್ನು ಸಂಪಾದಕರು ಹೇಗಿದ್ದರೂ ಬದಲಾಯಿಸುತ್ತಾರೆ, ಬಿಡು. ಪೆಟ್ಟಿಗೆಯಿಂದ ನಿನ್ನ ಪಿಟೀಲನ್ನು ತೆಗೆ. ಆ ಸೊನಾಟದ ಆರಂಭ ನೆನಪಿದೆಯಲ್ಲ? ಮೊದಲ ನಾಲ್ಕು ಆವರ್ತಗಳಲ್ಲಿ ಪಿಯಾನೊ ಸುಮ್ಮನಿರುತ್ತದೆ, ಪಿಟೀಲು ಒಂದೇ. ನಾಲ್ಕು ತಂತಿಗಳನ್ನೂ ಒಂದೇ ಕಮಾನಿನಲ್ಲಿ ಎಬ್ಬಿಸಬೇಕು, ಕರ್ಕಶವಾಗದಂತೆ. ಇಂತಹ ಆರಂಭವನ್ನು ಬೀಥೋವನ್ ಬೇರೆ ಯಾವ ಪಿಟೀಲು ಸೊನಾಟಕ್ಕೂ ಬರೆಯಲಿಲ್ಲ. ಎದುರಿಗಿದ್ದವನ ಕೈ ಎಂತಹದೆಂದು ಕೇಳಿ ತಿಳಿದು ಬರೆದದ್ದು.

ಶಿಷ್ಯೆ: ಆ ಎರಡನೆಯ ಮೇಳಸ್ವರದಲ್ಲಿ ನನ್ನ ನಾಲ್ಕನೆಯ ಬೆರಳು ಯಾವಾಗಲೂ ಜಾರುತ್ತದೆ.

ಗುರು: ಜಾರಲಿ, ನಲವತ್ತು ಸಲ ಜಾರಿದ ಮೇಲೆ ನಿಲ್ಲುತ್ತದೆ. ಬೀಥೋವನ್ ಬ್ರಿಜ್‌ಟವರನಿಗೆ ಒಂದು ಶ್ರುತಿಕವೆಯನ್ನು ಕೊಟ್ಟಿದ್ದ. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಅದು ಈಗಲೂ ಇದೆ. ಅರ್ಪಣೆಯ ಪುಟ ಹೋಯಿತು, ಅದು ಉಳಿಯಿತು. ಎಲ್ಲಿ, ನಿನ್ನ ಎರಡನೆಯ ತಂತಿಯನ್ನು ಒಮ್ಮೆ ಮೀಟು. ಸ್ವಲ್ಪ ಇಳಿದಿದೆ, ಏರಿಸಿಕೊ.